ಬದನೆಕಾಯಿ ಬಣ್ಣದ ದೈತ್ಯರು

ಆರು ದಿನದ ಮೇಲೆ ನಲ್ಲಿಯಲ್ಲಿ ನೀರು ಬಂದಿತ್ತು. ಲತಾ ಪೈಪಿನ ತುದಿಯನ್ನು ನೀಲಿ ಡ್ರಮ್ಮಿಗೆ ಇಳಿಬಿಟ್ಟು, ಅದರ ತಳದಿಂದ ಮೊದಲೇ ತೋಡಿಟ್ಟಿದ್ದ ಹಳೇ ನೀರನ್ನು ಬಕೆಟ್ಟಿನಲ್ಲಿ ಹೊತ್ತು ದಾಸವಾಳದ ಬುಡಕ್ಕೆ ಸುರಿಯುತ್ತಿದ್ದಳು. ದಾವಣಗೆರೆಯಲ್ಲಿ ನೀರು ಬಂದ ಹೊತ್ತಿಗೆ ಹೆಂಗಸರನ್ನು ಯಾರೂ ಕರೆಯುವುದಿಲ್ಲ. ಬಾಗಿಲಿಗೆ ಬಂದ ನೆಂಟರೂ ಡ್ರಮ್ ತುಂಬುವ ತನಕ ಚಪ್ಪಲಿ ಬಿಡದೆ ನಿಂತಿರುತ್ತಾರೆ. ಅಂಥ ಹೊತ್ತಿನಲ್ಲಿ ಒಳಗಿನಿಂದ ಗಂಡ ತಿಮ್ಮೇಶನ ಕೂಗು ಬಂತು.

"ಲತಾ! ಲೇ ಲತಾ! ಎಲ್ಲಾ ಬಿಟ್ಟು ಬಾ! ಅನಾಹುತ ಆಗೈತೆ!"

ಆನಗೋಡಿನಲ್ಲಿರುವ ಅತ್ತೆ ಬಚ್ಚಲಲ್ಲಿ ಜಾರಿಬಿದ್ದರೇನೋ ಎಂದುಕೊಂಡು ಲತಾ ಬಕೆಟ್ ಅಲ್ಲೇ ಬಿಟ್ಟು ಓಡಿದಳು. ತಿಮ್ಮೇಶ ಬನಿಯನ್ನಿನಲ್ಲಿ ನಡುಮನೆಯಲ್ಲಿ ನಿಂತಿದ್ದ. ಬಾಯಲ್ಲಿ ಹಲ್ಲುಜ್ಜುವ ಬ್ರಷ್ಷು, ಕೈಯಲ್ಲಿ ಮೊಬೈಲು. ಮೊಬೈಲನ್ನು ಅವಳ ಕಿವಿಯ ಹತ್ತಿರ ಹಿಡಿದ. ಹರಿಹರದ ನಿಂಗರಾಜನ ದನಿ.

"ತಿಮ್ಮೇಶಣ್ಣ, ನೀವು ಕಳಿಸಿದ ಫೋಟೋ ನೋಡಿದೆ. ನಿಮ್ಮ ದೈತ್ಯರ ಮೈ ಹಸಿರು, ನಮ್ಮ ಹುಲಿಗಳ ಚಡ್ಡಿ ಹಸಿರು. ಮೇಲಿಂದ ವಿಡಿಯೋ ಹಿಡಿದ್ರೆ ಯಾರು ಯಾರು ಅಂತ ಗೊತ್ತಾಗಂಗಿಲ್ಲ. ಚಡ್ಡಿ ನಾವು ಬದಲು ಮಾಡಂಗಿಲ್ಲಣ್ಣ, ಫ್ಲೆಕ್ಸ್ ಪ್ರಿಂಟ್ ಆಗೈತೆ. ಏನಿದ್ರೂ ನಿಮ್ಮ ಮೈನೇ ಬದಲು ಮಾಡ್ಕೊಳ್ರಿ."

ತಿಮ್ಮೇಶ ನೊರೆ ನುಂಗಿಕೊಂಡು, "ಕೇಳಿದ್ಯಾ?" ಎಂದ, ಮನೆಗೆ ಬೆಂಕಿ ಬಿದ್ದವರಂತೆ.

ಹಿತ್ತಲಲ್ಲಿ ಡ್ರಮ್ಮು ತುಂಬಿ ನೀರು ಹೊರಗೆ ಚೆಲ್ಲುವ ಸದ್ದು ಕೇಳುತ್ತಿತ್ತು.

ಈ ದೈತ್ಯರೂ ಹುಲಿಗಳೂ ಒಬ್ಬೊಬ್ಬರು ಹೆಬ್ಬೆರಳಿಗಿಂತ ಚೂರು ಎತ್ತರ. ಎಲ್ಲ ಸೇರಿ ಇಪ್ಪತ್ತನಾಲ್ಕು ಮಂದಿ, ಲತಾಳ ಅಡುಗೆಮನೆಯಲ್ಲಿ ಉಪ್ಪಿನಕಾಯಿ ಜಾಡಿಗಳ ಮೇಲಿನ ಹಲಗೆಯಲ್ಲಿ ಎರಡು ಸಾಲಾಗಿ ನಿಂತಿದ್ದರು.

ತಿಮ್ಮೇಶನಿಗೆ ಪಿ.ಬಿ. ರಸ್ತೆಯಲ್ಲಿ ಪಂಪ್‌ಸೆಟ್ ಸಾಮಾನಿನ ಅಂಗಡಿ. ಸುತ್ತಲಿನ ಹಳ್ಳಿಗಳ ರೈತರಿಗೆ ವಾಲ್ವು, ವಾಷರು, ಪೈಪು ಕೊಟ್ಟುಕೊಂಡು ಹದಿನೈದು ವರ್ಷ ಮರ್ಯಾದೆಯಿಂದ ಬಾಳಿದ್ದ. ಹೋದ ವರ್ಷ ಒಂದು ಮಧ್ಯಾಹ್ನ, ಗಿರಾಕಿ ಇಲ್ಲದ ಹೊತ್ತಿನಲ್ಲಿ, ವಿದೇಶದ ಗಡ್ಡದ ಗಂಡಸರು ಮೇಜಿನ ಮೇಲೆ ಬಣ್ಣಬಣ್ಣದ ರಾಕ್ಷಸ ಗೊಂಬೆಗಳನ್ನು ನಿಲ್ಲಿಸಿ ದಾಳ ಹಾಕಿ ಚೆಂಡಾಟ ಆಡುವ ವಿಡಿಯೋ ಅವನ ಕಣ್ಣಿಗೆ ಬಿತ್ತು. ಚೆಂಡಾಟ ಯಾಕೆ, ನಮ್ಮ ಕಬಡ್ಡಿ ಆಗಬಾರದೇ ಎಂಬ ಯೋಚನೆ ಬಂತು. ಯೋಚನೆ ಬಂದ ದಿನವೇ ಹರಿಹರದ ಗೆಳೆಯರಿಗೆ ಫೋನು ಮಾಡಿದ. ಒಂದು ವಾರದಲ್ಲಿ ದಾವಣಗೆರೆ ಹರಿಹರ ದೈತ್ಯ ಕಬಡ್ಡಿ ಲೀಗ್ ಹುಟ್ಟಿಯೇಬಿಟ್ಟಿತು.

ಲೀಗಿನಲ್ಲಿ ನಾಲ್ಕು ಜನ. ಹರಿಹರದಲ್ಲಿ ಸಿಮೆಂಟಿನ ಅಂಗಡಿ ಇಟ್ಟಿರುವ ಹಾಲಸ್ವಾಮಿಯವರು ಅಧ್ಯಕ್ಷರು. ಫ್ಲೆಕ್ಸ್ ಅಂಗಡಿಯ ನಿಂಗರಾಜ ಕಾರ್ಯದರ್ಶಿ. ಬಡಗಿ ಚಾಂದ್ ಪಾಷಾ ಸಾಗವಾನಿ ಹಲಗೆಯಲ್ಲಿ ಅಂಕಣ ಮಾಡಿಕೊಟ್ಟಿದ್ದಕ್ಕೆ ಕ್ರೀಡಾಂಗಣ ಉಸ್ತುವಾರಿ. ತಿಮ್ಮೇಶ ಕಲಾ ನಿರ್ದೇಶಕ. ಬರೀ ಸದಸ್ಯ ಅಂತ ಯಾರೂ ಇರಲಿಲ್ಲ, ಯಾರಿಗೂ ಬೇಕಾಗಿರಲಿಲ್ಲ.

ಗೊಂಬೆಗಳು ವಿದೇಶದ ಚೆಂಡಾಟದವೇ. ಅವುಗಳನ್ನು ಕಬಡ್ಡಿ ಪಟುಗಳಾಗಿ ಮಾರ್ಪಡಿಸುವ ಕೆಲಸದಲ್ಲಿ ಮಾತ್ರ ತಿಮ್ಮೇಶನ ಕೈ ಚೆನ್ನಾಗಿತ್ತು, ಲತಾ ಇದನ್ನು ಯಾರ ಮುಂದಾದರೂ ಒಪ್ಪುತ್ತಿದ್ದಳು. ಬ್ಲೇಡಿನಿಂದ ಗೊಂಬೆಯ ಕೈಯಲ್ಲಿದ್ದ ಚೆಂಡನ್ನು ಕತ್ತರಿಸಿ ತೆಗೆದರೆ, ಆ ಕೈ ಯಾರನ್ನೋ ಮುಟ್ಟಲು ಚಾಚಿದಂತೆ ಕಾಣುತ್ತಿತ್ತು. ಮುಳ್ಳಿನ ಕವಚ ಕೆರೆದು, ಸೋರುವ ಪೈಪಿಗೆ ಮೆತ್ತುವ ಎಂ-ಸೀಲ್ ಹಿಟ್ಟನ್ನು ನಾದಿ, ಸೊಂಟಕ್ಕೆ ಚಡ್ಡಿ ತೊಡಿಸಿದ. ದಾವಣಗೆರೆಯವರಿಗೆ ಕೋರೆಹಲ್ಲಿನ ಧಡಿಯರು ಬಂದರು. ಹರಿಹರದವರಿಗೆ ಬಂದದ್ದು ಮೂತಿ ಚೂಪಾಗಿರುವ, ಬಾಲ ಇರುವ, ಯಾವ ಕಡೆಯಿಂದ ನೋಡಿದರೂ ಇಲಿಯೇ ಆದ ಹನ್ನೆರಡು ಗೊಂಬೆ. ಅವಕ್ಕೆ ಹರಿಹರ ಹುಲಿಗಳು ಎಂದು ಹೆಸರಿಟ್ಟವರು ಸ್ವತಃ ಅಧ್ಯಕ್ಷರಾದ್ದರಿಂದ ಯಾರೂ ನಗಲಿಲ್ಲ.

ಬಣ್ಣದ ಹೊತ್ತಿಗೆ ಕತೆ ಬದಲಾಯಿತು. ತಿಮ್ಮೇಶ ಮೊದಲ ದೈತ್ಯನನ್ನು ಕೈಗೆತ್ತಿಕೊಂಡು ಮೈ, ಚಡ್ಡಿ, ಹಲ್ಲು, ಉಗುರು ಎಲ್ಲವನ್ನೂ ಒಂದರ ಹಿಂದೊಂದು ಹಚ್ಚುತ್ತ ಹೋದ. ಇಪ್ಪತ್ತೆರಡು ದಿನ ಹಿಡಿಯಿತು. ಕೊನೆಗೆ ಒಂದು ಕಣ್ಣು ಕೆನ್ನೆಗೆ ಬಂತು. ಎರಡನೆಯವನಿಗೆ ಅದೇ ಹಸಿರು ಮತ್ತೆ ಕಲಸಲು ಬರಲಿಲ್ಲ. ಒಬ್ಬ ಬಟಾಣಿ, ಇನ್ನೊಬ್ಬ ಪಾಚಿ. ಲತಾ ಒಂದು ವಾರ ನೋಡಿದಳು. ನಲವತ್ತು ಹೋಳಿಗೆ ಮಾಡುವವರು ಒಂದು ಹೋಳಿಗೆಗೆ ಬೇಳೆ ಬೇಯಿಸಿ, ರುಬ್ಬಿ, ತಟ್ಟಿ, ಸುಟ್ಟು ಕೆಳಗಿಳಿಸಿ, ಆಮೇಲೆ ಎರಡನೆಯದಕ್ಕೆ ಮತ್ತೆ ಬೇಳೆ ಬೇಯಿಸಲು ಕೂರುತ್ತಾರೆಯೇ?

ಹನ್ನೆರಡು ಬಾಟಲಿ ಮುಚ್ಚಳಗಳನ್ನು ಒಂದು ಮರದ ಪಟ್ಟಿಗೆ ಅಂಟಿಸಿ, ಅವುಗಳ ಮೇಲೆ ಹನ್ನೆರಡು ದೈತ್ಯರನ್ನು ನಿಲ್ಲಿಸಿದಳು. ಅನ್ನಕ್ಕೆ ಇಟ್ಟಾಗ ಎಲ್ಲರಿಗೂ ಅಡಿಬಣ್ಣ. ಕುಕ್ಕರ್ ಇಳಿಸಿ ಬರುವಷ್ಟರಲ್ಲಿ ಮೊದಲನೆಯವನು ಒಣಗಿರುತ್ತಿದ್ದ. ಒಂದೇ ಬಟ್ಟಲಲ್ಲಿ ಕಲಸಿದ ಹಸಿರು ಹನ್ನೆರಡೂ ಮೈಗೆ. ಆಮೇಲೆ ಹನ್ನೆರಡು ಚಡ್ಡಿ. ಆಮೇಲೆ ಹಲ್ಲು ಉಗುರು. ಮೇಲಿಂದ ಚಹಾದಷ್ಟು ತೆಳುವಾದ ಕಂದು ನೀರು ಬಿಟ್ಟರೆ ಅದು ಸಂದುಗೊಂದಿಗೆ ಇಳಿದು ಸ್ನಾಯು ತಾನಾಗಿ ಎದ್ದು ಕಾಣುತ್ತಿತ್ತು. ಕಣ್ಣು ಎಲ್ಲಕ್ಕಿಂತ ಕೊನೆಗೆ, ಮಗಳು ಶಾಲೆಗೆ ಹೋಗಿ ಮನೆ ಸದ್ದಡಗಿದಾಗ. ಒಂಬತ್ತೇ ದಿನಕ್ಕೆ ಒಂದು ತಂಡ ಮುಗಿಯಿತು. ಹರಿಹರದಲ್ಲಿ ಕಲಾವಿದರಿಲ್ಲ ಎಂದು ಅವರ ಇಲಿಗಳೂ, ಅಂದರೆ ಹುಲಿಗಳೂ, ಇವಳ ಅಡುಗೆಮನೆಗೇ ಬಂದವು.

ಲೀಗಿನ ವಾಟ್ಸಾಪ್ ಗುಂಪಿನಲ್ಲಿ ತಿಮ್ಮೇಶ ಬರೆದ: "ಸಾಮೂಹಿಕ ವರ್ಣಲೇಪನ ಪದ್ಧತಿ. ಹಲವು ತಿಂಗಳ ನನ್ನ ಚಿಂತನೆಯ ಫಲ." ಮೂರು ಜನ ಕೈ ಮುಗಿಯುವ ಚಿತ್ರ ಕಳಿಸಿದರು. ಲತಾ ಅದನ್ನು ಓದಿ, ಬ್ರಷ್ಷು ತೊಳೆದು, ಸಾರಿಗೆ ಒಗ್ಗರಣೆ ಹಾಕಲು ಎದ್ದಳು. ಹೆಸರು ಯಾರದಾದರೇನು, ಮಗಳ ಆಟ ಶುರುವಾಗಲಿ ಎಂಬುದಷ್ಟೇ ಅವಳ ಲೆಕ್ಕ.

ಮಗಳು ಬಿಂದುವಿಗೆ ಹತ್ತು ವರ್ಷ. ಗೊಂಬೆ ಬಂದ ದಿನವೇ ಅಪ್ಪ ಅವಳಿಗೆ ಮಾತು ಕೊಟ್ಟಿದ್ದ: ಮೊದಲ ಪಂದ್ಯದ ಮೊದಲ ರೈಡು ಅವಳದೇ, ಏಳನೇ ನಂಬರಿನ ದೈತ್ಯನನ್ನು ಅವಳೇ ನಡೆಸಬೇಕು. ಅಲ್ಲಿಯವರೆಗೆ ಮುಟ್ಟುವಂತಿಲ್ಲ. ಬಿಂದು ಅವನಿಗೆ ಗುಂಡ ಎಂದು ಹೆಸರಿಟ್ಟು, ದಿನಾ ಶಾಲೆಗೆ ಹೋಗುವಾಗ ಕೈ ಹಿಂದೆ ಕಟ್ಟಿಕೊಂಡು ಕೆಳಗಿನಿಂದ ಮಾತಾಡಿಸಿ ಹೋಗುತ್ತಿದ್ದಳು. ಪಂದ್ಯ ಎರಡು ಸಲ ಮುಂದಕ್ಕೆ ಹೋಗಿತ್ತು. ಒಂದು ಸಲ ಬೆನ್ನಿನ ನಂಬರು ಕನ್ನಡದಲ್ಲಿರಬೇಕೋ ಇಂಗ್ಲಿಷಿನಲ್ಲೋ ಎಂದು ಜಗಳವಾಗಿ. ಇನ್ನೊಂದು ಸಲ ಎಂಟನೇ ನಂಬರು ಅಧ್ಯಕ್ಷರಿಗೆ ಆಗಿಬರುವುದಿಲ್ಲ ಎಂದು. ಎರಡು ಸಲವೂ ಬಿಂದು ಹೊಸ ಫ್ರಾಕು ಹಾಕಿಕೊಂಡು, ಮತ್ತೆ ಬಿಚ್ಚಿ ಮಡಿಸಿಟ್ಟಿದ್ದಳು.

ಮೂರನೇ ಸಲ ಈ ಭಾನುವಾರ. ಈಗ ಗುರುವಾರ ಬೆಳಿಗ್ಗೆ ಮೈ ಬಣ್ಣದ ಅನಾಹುತ.

"ಏನು ಮಾಡೋದು," ತಿಮ್ಮೇಶ ಬಾಯಿ ಮುಕ್ಕಳಿಸಿ ಬಂದು ಹೇಳಿದ. "ಹನ್ನೆರಡು ಮೈ. ಮೂರು ದಿನದಾಗೆ ಆಗೋ ಮಾತಾ? ಪಂದ್ಯ ಮುಂದಕ್ಕೆ ಹಾಕ್ಬೇಕಾಗ್ತತೆ. ಬ್ಯಾರೆ ದಾರಿನೇ ಇಲ್ಲ." ದನಿಯಲ್ಲಿ ದುಃಖವಿತ್ತು. ಆದರೆ ದೋಸೆ ಎರಡು ಹೆಚ್ಚಿಗೆ ಹಾಕಿಸಿಕೊಂಡ.

"ಬದನೆಕಾಯಿ ಬಣ್ಣ ಐತಲ್ರಿ, ಒಂದು ಡಬ್ಬಿ ಪೂರ್ತಿ," ಲತಾ ದೋಸೆ ಮಗುಚುತ್ತ ಹೇಳಿದಳು. "ಚಡ್ಡಿ, ಹಲ್ಲು ಹಂಗೇ ಇರ್ಲಿ. ಮೈಯಷ್ಟೇ ತಾನೆ. ಇವತ್ತು ಎರಡು ಕೈ ಹೊಡೀತೀನಿ. ನಾಳೆ ಕಂದು ನೀರು. ಶನಿವಾರ ಮಧ್ಯಾಹ್ನಕ್ಕೆ ಮುಗೀತತೆ."

ತಿಮ್ಮೇಶನ ಬಾಯಿಗೆ ಹೋಗುತ್ತಿದ್ದ ತುತ್ತು ನಿಂತಿತು. ಮುಖ ಒಮ್ಮೆಗೇ ಇಳಿದುಹೋಯಿತು. "ಅಷ್ಟು ಅವಸರ ಯಾಕ? ಕಲೆ ಅಂದ್ರೆ ನಿಧಾನ ಬೇಕಲೇ. ಹೋಳಿಗೆ ಮಾಡ್ದಂಗಲ್ಲ."

"ಹೋಳಿಗೆ ಮಾಡ್ದಂಗೇ ರೀ," ಎಂದಳು ಲತಾ, ಮೆಲ್ಲಗೆ.

ಅವನ ಇಳಿದ ಮುಖ ಅವಳ ಮನಸ್ಸಿನಲ್ಲಿ ಉಳಿಯಿತು. ಕೆಲಸ ಆಗುವುದಿಲ್ಲ ಎಂದಾಗ ಇಲ್ಲದ ಗಾಬರಿ, ಆಗುತ್ತದೆ ಎಂದಾಗ ಯಾಕೆ ಬಂತು? ಹಿತ್ತಲಲ್ಲಿ ಪಾದ ಮುಳುಗುವಷ್ಟು ನಿಂತ ನೀರನ್ನು ಪೊರಕೆಯಿಂದ ತಳ್ಳುತ್ತ ಅದನ್ನೇ ಯೋಚಿಸಿದಳು.

ಸಂಜೆ ಶಾಲೆಯಿಂದ ಬಂದ ಬಿಂದು ನಿಯಮಾವಳಿಯನ್ನು ತೆಗೆದುಕೊಂಡು ಅಡುಗೆಮನೆಯ ನೆಲದ ಮೇಲೆ ಕುಳಿತಳು. ಈ ನಿಯಮಾವಳಿ ಅರವತ್ತನಾಲ್ಕು ಪುಟದ, ಸುರುಳಿ ಬೈಂಡಿನ ಪುಸ್ತಕ. ಪೂಜೆಯ ಕ್ರಮ ಹಾಲಸ್ವಾಮಿಯವರು ಬರೆದಿದ್ದರು. ಬಣ್ಣದ ಅಧ್ಯಾಯ ತಿಮ್ಮೇಶನದು. ಫ್ಲೆಕ್ಸಿನ ಅಳತೆ, ಅದರಲ್ಲಿ ಯಾರ ಮುಖ ಎಷ್ಟು ದೊಡ್ಡದಿರಬೇಕು ಎಂಬುದು ನಿಂಗರಾಜನದು. ಅಂಕಣದ ಮರದ ಬಗ್ಗೆ ಚಾಂದ್ ಪಾಷಾ. ಆಟ ಆಡುವುದು ಹೇಗೆ ಎಂಬ ಹದಿನಾಲ್ಕು ಪುಟ ಮಾತ್ರ ಎಲ್ಲರೂ ಬೇರೆಯವರು ಬರೆಯುತ್ತಾರೆಂದು ಬಿಟ್ಟಿದ್ದರಿಂದ, ನಿಂಗರಾಜನ ಅಂಗಡಿಯಲ್ಲಿ ಟೈಪ್ ಮಾಡುವ ಶಾಹಿಸ್ತಾ ಎಂಬ ಹುಡುಗಿಯ ಪಾಲಿಗೆ ಬಂದಿತ್ತು. ಕಾಲೇಜಿನಲ್ಲಿ ಕಬಡ್ಡಿ ಆಡಿದವಳು. ನೀಟಾಗಿ ಬರೆದಿದ್ದಳು. ಪ್ರತಿಯೊಬ್ಬರೂ ತಮ್ಮ ತಮ್ಮ ಅಧ್ಯಾಯವನ್ನು ಓದಿ ಮೆಚ್ಚಿಕೊಂಡು ಪುಸ್ತಕವನ್ನು ಬದಿಗಿಟ್ಟರು.

ಪುಟದ ಒಂದೇ ಮಗ್ಗುಲು ಅಚ್ಚಾಗಿತ್ತು. ಹಿಂದಿನ ಖಾಲಿ ಮಗ್ಗುಲಲ್ಲಿ ಬಿಂದು ಲೆಕ್ಕ ಮಾಡುತ್ತಿದ್ದಳು. ಭಾಗಾಕಾರ ಬೇಸರವಾದಾಗ ಪುಟ ತಿರುಗಿಸಿ ಓದುತ್ತಿದ್ದಳು. ಹೀಗೆ ಇಡೀ ಲೀಗಿನಲ್ಲಿ ನಿಯಮಾವಳಿಯನ್ನು ಮೊದಲಿಂದ ಕೊನೆಯವರೆಗೆ ಓದಿದವಳು ಇವಳೊಬ್ಬಳೇ ಆದಳು. ಓದಿದ್ದನ್ನು ಅಮ್ಮನಿಗೆ ಕಲಿಸಿದಳು. ನೆಲದ ಮೇಲೆ ರಂಗೋಲಿಯಿಂದ ಅಂಕಣ, ಒಂದು ಕಡೆ ಹುಣಸೆ ಬೀಜ, ಇನ್ನೊಂದು ಕಡೆ ಶೇಂಗಾ. ಸಾರು ಕುದಿಯುವ ಹೊತ್ತಿನಲ್ಲಿ ತಾಯಿ ಮಗಳು ಅದೆಷ್ಟೋ ಪಂದ್ಯ ಆಡಿದ್ದರು. ಸೋತ ಶೇಂಗಾ ಗೆದ್ದವರ ಬಾಯಿಗೆ.

ಹತ್ತೊಂಬತ್ತನೇ ನಿಯಮ ಬಿಂದುವಿಗೆ ಅಚ್ಚುಮೆಚ್ಚು. ರೈಡಿಗೆ ಹೋದ ಆಟಗಾರನನ್ನು ನಡೆಸುವವರು ಒಂದೇ ಉಸಿರಿನಲ್ಲಿ ಕಬಡ್ಡಿ ಕಬಡ್ಡಿ ಎಂದು ಗಟ್ಟಿಯಾಗಿ ಹೇಳುತ್ತಲೇ ಅಂಕಣದ ಮನೆಗಳನ್ನು ದಾಟಿಸಬೇಕು. ಉಸಿರು ಕಡಿದರೆ ಔಟು. ಬಿಂದು ಹನ್ನೊಂದು ಮನೆ ಹೋಗಿ ಬರುತ್ತಿದ್ದಳು. ಲತಾ ಏಳಕ್ಕೇ ನಕ್ಕುಬಿಟ್ಟು ಔಟಾಗುತ್ತಿದ್ದಳು.

ಅವತ್ತು ಲತಾ ಹನ್ನೆರಡು ಮೈಗೆ ಬದನೆಕಾಯಿ ಬಣ್ಣದ ಮೊದಲ ಕೈ ಹಚ್ಚುತ್ತಿದ್ದಳು. ಬಿಂದು ಪುಸ್ತಕದಿಂದ ತಲೆ ಎತ್ತಿ, "ಅಮ್ಮಾ, ಹಾಲಸ್ವಾಮಿ ತಾತ ಕಬಡ್ಡಿ ಕಬಡ್ಡಿ ಅಂತಾರಾ?" ಎಂದಳು.

ಸಿಮೆಂಟು ಚೀಲದಂಥ ಹೊಟ್ಟೆಯ ಹಾಲಸ್ವಾಮಿಯವರು ಕಬಡ್ಡಿ ಕಬಡ್ಡಿ ಎನ್ನುತ್ತ ಇಲಿಯನ್ನು ನಡೆಸುವುದು ಕಣ್ಣಿಗೆ ಕಟ್ಟಿ ಲತಾಳ ಬ್ರಷ್ಷು ಅಲುಗಿತು. ನಾಲ್ಕನೇ ದೈತ್ಯನ ಹಲ್ಲಿಗೆ ಬಣ್ಣ ತಾಗಿತು.

"ಅಪ್ಪ ಅಂತಾರಾ?" ಬಿಂದು ಬಿಡಲಿಲ್ಲ. "ನಾನು ಮೊನ್ನೆ ಅಪ್ಪನ್ನ ಕೇಳ್ದೆ, ಬೋನಸ್ ಗೆರೆ ದಾಟಿದ್ರೆ ದಾಳ ಎಷ್ಟು ಸಲ ಹಾಕ್ಬೇಕಪ್ಪಾ ಅಂತ. ಅದೆಲ್ಲ ದೊಡ್ಡೋರು ನೋಡ್ಕೊಳ್ತೀವಿ ಹೋಗು ಅಂದ್ರು. ಅಮ್ಮಾ, ಅಪ್ಪಂಗೆ..."

"ಬಿಂದೂ." ಲತಾ ಬಟ್ಟೆಯ ತುದಿಯಿಂದ ಹಲ್ಲು ಒರೆಸುತ್ತ ತಡೆದಳು. "ಹೋಗು, ಕೈ ತೊಳ್ಕೊ. ರೊಟ್ಟಿ ತಿನ್ನುವಂತೆ."

ಬೆಳಗಿನ ಆ ಇಳಿದ ಮುಖದ ಗುಟ್ಟು ಅವಳಿಗೆ ಆಗಲೇ ಹೊಳೆದಿತ್ತು. ಹೊಳೆದದ್ದನ್ನು ಹತ್ತು ವರ್ಷದ ಮಗಳ ಬಾಯಿಂದ ಕೇಳುವ ಧೈರ್ಯ ಇರಲಿಲ್ಲ. ತಿಮ್ಮೇಶ ಕೆಟ್ಟವನಲ್ಲ. ಮಗಳಿಗೆ ಜ್ವರ ಬಂದರೆ ಅಂಗಡಿ ಮುಚ್ಚಿ ತಲೆಯ ಹತ್ತಿರ ಕೂರುವವನು. ಮಗಳ ಕಣ್ಣಿನಲ್ಲಿ ಅಪ್ಪ ಚಿಕ್ಕವನಾಗಬಾರದು. ಬಣ್ಣ ಮುಗಿಸಿಕೊಟ್ಟರೆ ಆಡಲೇಬೇಕಾಗುತ್ತದೆ, ಆಡಲೇಬೇಕಾದರೆ ಆ ಹದಿನಾಲ್ಕು ಪುಟ ಓದುತ್ತಾನೆ ಎಂದು ತನಗೆ ತಾನೇ ಹೇಳಿಕೊಂಡು, ಎರಡನೇ ಕೈ ಹಚ್ಚಲು ಕುಳಿತಳು. ರಾತ್ರಿ ಊಟಕ್ಕೆ ಕೂತಾಗ ಪುಸ್ತಕವನ್ನು ಆಟದ ನಿಯಮ ಶುರುವಾಗುವ ಇಪ್ಪತ್ತೊಂದನೇ ಪುಟಕ್ಕೆ ತೆರೆದು ಅವನ ತಟ್ಟೆಯ ಪಕ್ಕ ಇಟ್ಟಳು. ತಿಮ್ಮೇಶ ಅದರ ಮೇಲೆ ಬಿಸಿ ಪಲ್ಯದ ಪಾತ್ರೆ ಇಟ್ಟ.

ಶನಿವಾರ ಮಧ್ಯಾಹ್ನಕ್ಕೆ ಬದನೆಕಾಯಿ ದೈತ್ಯರು ಸಿದ್ಧರಾದರು. ಹಸಿರಿಗಿಂತ ಚೆನ್ನಾಗಿಯೇ ಕಾಣುತ್ತಿದ್ದರು. ಆದರೆ ತಿಮ್ಮೇಶನಿಗೆ ಹೊಳಪು ಸಾಲಲಿಲ್ಲ. ಫ್ಲೆಕ್ಸಿನಲ್ಲಿ ಹೊಳೆದಂತೆ ಹೊಳೆಯಬೇಕು ಎಂದು ಚಾಂದ್ ಪಾಷಾನಿಂದ ಮರಕ್ಕೆ ಹೊಡೆಯುವ ವಾರ್ನಿಷ್ ತಂದ.

"ಇದು ಒಣಗಾಕೆ ಎರಡು ದಿನ ಬೇಕು ರೀ," ಲತಾ ಡಬ್ಬಿಯ ಮೇಲಿನ ಅಕ್ಷರ ಓದಿ ಹೇಳಿದಳು.

"ಹಚ್ಚು ಹಚ್ಚು. ಫ್ಯಾನ್ ಹಾಕಿದ್ರಾತು."

ಲತಾ ಹುಲಿಗಳೂ ಸೇರಿ ಇಪ್ಪತ್ತನಾಲ್ಕಕ್ಕೂ ಹಚ್ಚಿದಳು. ಆದರೆ ಗೊಂಬೆಗಳ ಕಾಲಡಿಯ ಬಿಲ್ಲೆಗಳಿಗೆ ಒಂದು ಹನಿಯೂ ತಾಗದಂತೆ ನೋಡಿಕೊಂಡಳು. ಅಂಕಣಕ್ಕೆ ಅಂಟಿಕೊಂಡರೆ ಆಡುವುದು ಹೇಗೆ?

ಭಾನುವಾರ ತಿಮ್ಮೇಶ ಬೆಳಿಗ್ಗೆಯೇ ಸ್ಕೂಟರಿನಲ್ಲಿ ಹರಿಹರಕ್ಕೆ ಹೋದ, ಶಾಲುಗಳನ್ನು ಕೊಳ್ಳಬೇಕಿತ್ತು. ಲತಾ ಇಪ್ಪತ್ತನಾಲ್ಕು ಗೊಂಬೆಗಳನ್ನು ಮೊಟ್ಟೆ ಇಡುವ ಟ್ರೇಯ ಕುಳಿಗಳಲ್ಲಿ ನಿಲ್ಲಿಸಿ, ಮೇಲೆ ಗೂಡು ಕಟ್ಟಿದಂತೆ ರಟ್ಟು ಮುಚ್ಚಿ, ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ಕುಳಿತಳು. ಬಿಂದು ಮೂರನೇ ಸಲ ಅದೇ ಫ್ರಾಕು ಹಾಕಿದ್ದಳು. ಅದು ಈಗ ಮೊಣಕಾಲಿನ ಮೇಲಕ್ಕೆ ಬಂದಿತ್ತು.

ಪಕ್ಕದಲ್ಲಿ ಕೂತಿದ್ದ ಕೊಕ್ಕನೂರಿನ ಅಜ್ಜಿ, "ನಾಟಿ ತತ್ತಿನೇನವ್ವ?" ಎಂದು ರಟ್ಟು ಎತ್ತಿ ನೋಡಿದಳು. ಹನ್ನೆರಡು ನೇರಳೆ ಮುಖಗಳು ಹಲ್ಲು ಕಿಸಿದವು. ಅಜ್ಜಿ ರಟ್ಟನ್ನು ಹಾಗೇ ಮುಚ್ಚಿ, ಹರಿಹರ ಬರುವವರೆಗೆ ಕಿಟಕಿಯ ಹೊರಗೆ ನೋಡುತ್ತ ಕುಳಿತಳು.

"ಅಮ್ಮಾ," ಬಿಂದು ಕಿವಿಯ ಹತ್ತಿರ ಬಂದು ಪಿಸುಗುಟ್ಟಿದಳು. "ಅವತ್ತು ಕೇಳ್ಬೇಕಂದಿದ್ದು ಇವತ್ತು ಅಪ್ಪನ್ನ ಕೇಳ್ಲಾ?"

"ಬ್ಯಾಡ ಪುಟ್ಟಿ. ನಾಕು ಜನರ ಮುಂದೆ ಬ್ಯಾಡ. ಇವತ್ತು ಆಟ ಐತಲ್ಲ, ತಾನೇ ಗೊತ್ತಾಗ್ತತೆ."

ಹಾಲಸ್ವಾಮಿಯವರ ಸಿಮೆಂಟು ಅಂಗಡಿಯ ಮೇಲಿನ ಹಾಲ್‌ನಲ್ಲಿ ಕಾರ್ಯಕ್ರಮ. ಗೋಡೆಯ ಅಗಲಕ್ಕೂ ಫ್ಲೆಕ್ಸು. ಅದರಲ್ಲಿ ನಾಲ್ಕು ಪದಾಧಿಕಾರಿಗಳು ಕೈ ಮುಗಿದುಕೊಂಡು ಆಳೆತ್ತರ ನಿಂತಿದ್ದರು. ಕೆಳಗಿನ ಮೂಲೆಯಲ್ಲಿ ಮೊಬೈಲ್ ನಂಬರಿನ ಪಕ್ಕ ಒಂದು ಇಲಿಯ ಬಾಲ ಕಾಣುತ್ತಿತ್ತು.

ಮುಖ್ಯ ಅತಿಥಿ ಭಾನುವಳ್ಳಿಯ ಸಣ್ಣಬೀರಪ್ಪ, ನಿವೃತ್ತ ಪಿ.ಟಿ. ಮೇಷ್ಟ್ರು. ಒಂದು ಕಾಲದ ಕಬಡ್ಡಿ ಪಟು. ಕಬಡ್ಡಿ ಲೀಗಿನ ಉದ್ಘಾಟನೆ ಎಂದಷ್ಟೇ ಹೇಳಿ ಕರೆದಿದ್ದರಿಂದ ಅವರು ಟ್ರ್ಯಾಕ್ ಪ್ಯಾಂಟು ಹಾಕಿ, ಕೊರಳಿಗೆ ಸೀಟಿ ನೇತುಹಾಕಿಕೊಂಡು ಬಂದಿದ್ದರು. ಹಾಲ್‌ನೊಳಗೆ ಬಂದವರು ಸುತ್ತ ನೋಡಿ, "ಹುಡುಗ್ರು ಎಲ್ಲದಾರ್ರಿ?" ಎಂದರು. ನಿಂಗರಾಜ ಮೊಟ್ಟೆ ಟ್ರೇಯನ್ನು ತೋರಿಸಿದ. ಮೇಷ್ಟ್ರು ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. "ಮೈಕಟ್ಟು ಚಲೋ ಐತೆ," ಎಂದು ಹೇಳಿ ಕುರ್ಚಿಯಲ್ಲಿ ಕುಳಿತರು.

ಪ್ರಾರ್ಥನೆ ಆಯಿತು. ಸ್ವಾಗತ ಆಯಿತು. ಅಧ್ಯಕ್ಷರು ಕಾರ್ಯದರ್ಶಿಗೆ ಶಾಲು ಹೊದಿಸಿದರು, ಕಾರ್ಯದರ್ಶಿ ಅಧ್ಯಕ್ಷರಿಗೆ ಹೊದಿಸಿದ. ಇಬ್ಬರೂ ಸೇರಿ ಚಾಂದ್ ಪಾಷಾನಿಗೆ ಹೊದಿಸಿದರು. ಸಾಮೂಹಿಕ ವರ್ಣಲೇಪನ ಪದ್ಧತಿಯ ಜನಕ ಎಂದು ತಿಮ್ಮೇಶನಿಗೆ ಶಾಲಿನ ಜೊತೆ ಪೇಟವೂ ಸಿಕ್ಕಿತು. ಅವನು ಮೈಕು ಹಿಡಿದು, "ಇದು ತಪಸ್ಸು. ಎಷ್ಟೋ ದಿನ ಕಣ್ಣಿಗೆ ನಿದ್ದೆ ಇಲ್ಲ," ಎಂದ. ಕೊನೇ ಸಾಲಿನಲ್ಲಿ ಕುಳಿತ ಲತಾ ಉಗುರಿನ ಸಂದಿಯಲ್ಲಿ ಉಳಿದ ನೇರಳೆಯನ್ನು ಕೆರೆಯುತ್ತಿದ್ದಳು.

ಆಮೇಲೆ ಪೂಜೆ. ಹೊಸ ಟ್ರ್ಯಾಕ್ಟರಿಗೆ, ತೂಕದ ಯಂತ್ರಕ್ಕೆ, ಸಿಮೆಂಟು ಲಾರಿಗೆ ಮಾಡುವಂತೆ ಹಾಲಸ್ವಾಮಿಯವರು ಹಲಗೆಯ ನಾಲ್ಕು ಮೂಲೆಗೂ ನಿಂಬೆಹಣ್ಣು ಇಟ್ಟರು. ಬೆರಳಿಗೆ ಧಾರಾಳವಾಗಿ ಕುಂಕುಮ ತೆಗೆದುಕೊಂಡು ಇಪ್ಪತ್ತನಾಲ್ಕು ಗೊಂಬೆಗಳಿಗೂ ಒಂದೊಂದಾಗಿ ಹಚ್ಚಿದರು. ಲತಾ ಎದ್ದು ನಿಂತು, "ಅದು ಇನ್ನೂ ಹಸಿ ಐತ್ರಿ," ಎಂದದ್ದು ಗಂಟೆಯ ಸದ್ದಿನಲ್ಲಿ ಕೇಳಲಿಲ್ಲ. ವಾರ್ನಿಷ್ಷು ಕುಂಕುಮವನ್ನು ಹಿಡಿದುಕೊಂಡಿತು. ಹಣೆಗೆ ಹಚ್ಚಿದ್ದು ಮೂಗಿಗೆ ಇಳಿಯಿತು, ಊದುಬತ್ತಿಯ ಬೂದಿ ಎದೆಗೆ ಕೂದಲಿನಂತೆ ಮೆತ್ತಿಕೊಂಡಿತು. ಅಧ್ಯಕ್ಷರ ಬೆರಳಿಗೆ ಒಂದು ಹುಲಿ ಅಂಟಿಕೊಂಡು ಬಿಡಿಸಲು ಇಬ್ಬರು ಬೇಕಾಯಿತು.

ಗೊಂಬೆಗಳನ್ನು ನೋಡಿ ತಿಮ್ಮೇಶ ತಲೆಯ ಮೇಲೆ ಕೈ ಹೊತ್ತ. ಲತಾ ಅವನ ಮುಖವನ್ನೇ ನೋಡುತ್ತಿದ್ದಳು. ಅಲ್ಲಿ ಸಂಕಟದ ಅಡಿಯಲ್ಲಿ ಗುರುವಾರದ ಎರಡು ಹೆಚ್ಚುವರಿ ದೋಸೆಯ ಸಮಾಧಾನ ಕಾಣಿಸಿತು.

"ಸರ್, ಕೆಲಸ ಕೆಡ್ತು," ಎಂದ ಮೇಷ್ಟ್ರಿಗೆ. "ಇವಕ್ಕೆ ಮತ್ತೆ ಬಣ್ಣ ಆಗ್ಬೇಕು. ಪಂದ್ಯ ಮುಂದಿನ ತಿಂಗ್ಳು ಇಟ್ಕೊಳ್ಳೋಣ್ರಿ."

ಲತಾ ಮುಂದೆ ಬಂದಳು. ಬಿಂದು ಅವಳ ಸೆರಗು ಹಿಡಿದು ಜೊತೆಗೇ ಬಂದಳು. "ಕುಂಕುಮ ಇದ್ರೆ ಒಳ್ಳೇದೇ ಅಲ್ಲೇನ್ರಿ. ಆಡಾಕೆ ಏನೂ ತೊಂದ್ರೆ ಇಲ್ಲ."

"ಬೋರ್ಡಿಗೆ ಅಂಟ್ತಾವಲ್ಲ ಅಕ್ಕಾ," ಎಂದ ನಿಂಗರಾಜ.

"ಕಾಲಡಿಗೆ ವಾರ್ನಿಷ್ ಹಚ್ಚಿಲ್ಲಪ್ಪ."

"ಹಲಗೆ ಒಂದು ಚೂರು ವಾಲೈತೆ ಅನ್ಸತ್ತೆ," ಚಾಂದ್ ಪಾಷಾ ತಾನೇ ಮಾಡಿದ ಹಲಗೆಯನ್ನು ಒಂದು ಕಣ್ಣು ಮುಚ್ಚಿ ನೋಡಿದ.

ಮೇಷ್ಟ್ರು ಒಂದು ನಿಂಬೆಹಣ್ಣು ತೆಗೆದು ನಡುವೆ ಇಟ್ಟರು. ಅದು ಅಲ್ಲಾಡದೆ ಕುಳಿತಿತು.

"ರಾಹುಕಾಲ ಬಂತು," ಎಂದರು ಹಾಲಸ್ವಾಮಿಯವರು, ಗಂಭೀರವಾಗಿ.

"ಭಾನುವಾರ ರಾಹುಕಾಲ ನಾಕೂವರೆಗೆ. ಈಗ ಎರಡೂಕಾಲು," ಎಂದು ಮೇಷ್ಟ್ರು ಗಡಿಯಾರ ತೋರಿಸಿದರು. "ನಾಕು ಗಂಟೆ ಬಸ್ಸಿಗೆ ನಾ ಭಾನುವಳ್ಳಿಗೆ ಹೋಗ್ಬೇಕ್ರಿ. ನಡೀರಿ, ಶುರು ಮಾಡ್ರಿ. ರೈಡಿಗೆ ಯಾರು?" ಸೀಟಿಯನ್ನು ಬಾಯಿಗಿಟ್ಟುಕೊಂಡರು.

ಹಾಲಸ್ವಾಮಿಯವರು ನಿಂಗರಾಜನನ್ನು ನೋಡಿದರು. ನಿಂಗರಾಜ ಫ್ಲೆಕ್ಸಿನ ಗಂಟು ಬಿಗಿ ಮಾಡಲು ಹೊರಟ. ತಿಮ್ಮೇಶ ಹತ್ತು ಮುಖದ ದಾಳವನ್ನು ಕೈಗೆತ್ತಿಕೊಂಡು, ಅಂಗಡಿಯಲ್ಲಿ ವಾಷರಿನ ಸೈಜು ಹುಡುಕುವಂತೆ ತಿರುಗಿಸಿ ತಿರುಗಿಸಿ ನೋಡಿದ. ಪೇಟದ ಕೆಳಗೆ ಬೆವರು ಇಳಿಯುತ್ತಿತ್ತು. ಲತಾಳಿಗೆ ಒಂದು ಕ್ಷಣ ಪಾಪ ಅನ್ನಿಸಿತು. ಬರಲ್ಲ ಅಂತ ಒಂದು ಮಾತು ಹೇಳಿದರೆ ಮುಗಿಯಿತಲ್ಲ, ಮಗಳೇ ಕಲಿಸಿಕೊಡುತ್ತಾಳೆ.

ಅವನ ಕಣ್ಣು ಬಿಂದುವಿನ ಮೇಲೆ ಬಿತ್ತು. ಅವಳು ಕೈ ಚಾಚಿ, ಆರು ತಿಂಗಳಲ್ಲಿ ಮೊದಲ ಸಲ, ಏಳನೇ ನಂಬರಿನ ಗುಂಡನನ್ನು ಮುಟ್ಟಿ ಕೈಗೆತ್ತಿಕೊಂಡಿದ್ದಳು. ದೊಡ್ಡದಾಗಿ ಉಸಿರು ಎಳೆದುಕೊಂಡು ಸೀಟಿಗಾಗಿ ಕಾಯುತ್ತಿದ್ದಳು. ತಿಮ್ಮೇಶನ ಮುಖ ಅರಳಿತು.

"ಸರ್, ಮೊದಲ್ನೇ ರೈಡು ನಮ್ಮ ಮಗಳದಿತ್ತು," ಎಂದು ಅವಳ ತಲೆ ಸವರಿದ. "ಆದ್ರೆ ಪಾಪ, ಮಗೂಗೆ ರೂಲ್ಸ್ ಗೊತ್ತಿಲ್ರಿ. ಸಣ್ಣದು. ಅದಕ್ಕೆ ನಿಧಾನಕ್ಕೆ ಕಲಿಸಿ, ಮುಂದಿನ ತಿಂಗ್ಳು ಆಡ್ಸೋಣ. ಮಗು ಮನಸ್ಸು ನೋಯಿಸ್ಬಾರ್ದು ನೋಡ್ರಿ."

"ಹೌದೌದು, ಮಕ್ಳು ಮುಖ್ಯ," ಎಂದರು ಹಾಲಸ್ವಾಮಿಯವರು. "ಹಂಗಾದ್ರೆ ವಂದನಾರ್ಪಣೆ," ಎಂದ ನಿಂಗರಾಜ, ಆಗಲೇ ಮೈಕಿನ ಹತ್ತಿರ.

ಬಿಂದು ಎಳೆದುಕೊಂಡಿದ್ದ ಉಸಿರನ್ನು ಬಿಟ್ಟಳು. ಗುಂಡನನ್ನು ಕೆಳಗಿಡಲಿಲ್ಲ. ಬೆರಳಿಗೆಲ್ಲ ಕುಂಕುಮ ಹತ್ತಿತ್ತು. ತಲೆ ಎತ್ತಿ ಅಮ್ಮನ ಮುಖ ನೋಡಿದಳು. ಇಂಥ ಹೊತ್ತಿನಲ್ಲಿ ಅಮ್ಮ ಬ್ಯಾಡ ಎಂದು ತಲೆ ಅಲ್ಲಾಡಿಸುತ್ತಾಳೆ, ಇಲ್ಲವೇ ಭುಜ ಒತ್ತುತ್ತಾಳೆ. ಲತಾಳ ಕೈ ಮಗಳ ಭುಜದ ಮೇಲೆಯೇ ಇತ್ತು. ಅವಳು ಅದನ್ನು ತೆಗೆದು, ತನ್ನ ಸೆರಗಿನ ತುದಿಯಿಂದ ಹಲಗೆಯ ಮೇಲೆ ಬಿದ್ದ ಊದುಬತ್ತಿ ಬೂದಿಯನ್ನು ನಿಧಾನವಾಗಿ ಒರೆಸತೊಡಗಿದಳು.

ಬಿಂದು ಅಪ್ಪನ ಕಡೆಗೆ ತಿರುಗಿದಳು. ಆಮೇಲೆ ಅಧ್ಯಕ್ಷರ ಕಡೆಗೆ, ಮೈಕಿನ ಮುಂದಿದ್ದ ಕಾರ್ಯದರ್ಶಿಯ ಕಡೆಗೆ, ಕ್ರೀಡಾಂಗಣ ಉಸ್ತುವಾರಿಯ ಕಡೆಗೆ. ಹನ್ನೊಂದು ಮನೆ ದಾಟುವಷ್ಟು ಗಟ್ಟಿ ದನಿಯಲ್ಲಿ ಕೇಳಿದಳು:

"ಅಪ್ಪಾ, ನಿಮ್ಮ ನಾಕೂ ಜನದಾಗೆ ಯಾರಿಗಾದ್ರೂ ಈ ಆಟ ಆಡಾಕೆ ಬರ್ತತಾ?"